ವಿಪತ್ತಿಗೆ ಪ್ಯಾಕೆಟ್ ರೇಡಿಯೊ: ಪೆಟ್ಟಿಗೆ ಕೊಂಡಿಟ್ಟರೆ ಸಾಲದು

ಮಾನ್ಯ ಸಂಪಾದಕರೇ,

ಪ್ರವಾಹ, ಭೂಕಂಪ, ಚಂಡಮಾರುತದ ವರದಿಗಳಲ್ಲಿ ‘ಮೊಬೈಲ್ ಜಾಲ ಕೈಕೊಟ್ಟಾಗ ಹ್ಯಾಮ್ ರೇಡಿಯೊ (ಪರವಾನಗಿ ಪಡೆದ ಹವ್ಯಾಸಿಗಳ ರೇಡಿಯೊ) ನೆರವಿಗೆ ಬಂತು’ ಎಂಬ ಸಾಲು ಆಗಾಗ ಕಾಣುತ್ತದೆ. ಸಂತೋಷ. ಓದಿದವರ ಕಣ್ಣಿಗೆ ಕಟ್ಟುವುದು ಮಾತ್ರ ಮೈಕ್ ಹಿಡಿದು ಮಾತಾಡುವ ಮನುಷ್ಯ. ಪರಿಹಾರ ಶಿಬಿರದಿಂದ ನಿಯಂತ್ರಣ ಕೊಠಡಿಗೆ ಹೋಗಬೇಕಾದ್ದರಲ್ಲಿ ಬಹುಪಾಲು ಮಾತಲ್ಲ, ಪಟ್ಟಿ. ಯಾರು ಶಿಬಿರದಲ್ಲಿದ್ದಾರೆ, ಯಾರ ಸುಳಿವಿಲ್ಲ, ಯಾವ ಔಷಧಿ ಎಷ್ಟು ಮಿಲಿಗ್ರಾಂ, ಯಾವ ಗುಂಪಿನ ರಕ್ತ ಎಷ್ಟು ಬಾಟಲಿ. ಇದನ್ನು ಬಾಯಲ್ಲಿ ಓದಿ ಹೇಳಿದರೆ ಅತ್ತ ಕಡೆಯವರು ಕೈಯಲ್ಲಿ ಬರೆದುಕೊಳ್ಳುವ ವೇಗವೇ ಸಂಪರ್ಕದ ವೇಗ. 15 ಎಂದದ್ದು 50 ಆಗುವುದಕ್ಕೆ ಒಂದು ಗೊರಗೊರ ಸಾಕು. ಅಷ್ಟು ಹೊತ್ತೂ ಆ ಫ್ರೀಕ್ವೆನ್ಸಿಯಲ್ಲಿ ಬೇರೆ ಯಾರೂ ಬಾಯಿ ತೆರೆಯುವಂತಿಲ್ಲ.

ಈ ಕೆಲಸಕ್ಕೆಂದೇ, ಕಂಪ್ಯೂಟರಿನ ಪಠ್ಯವನ್ನು ರೇಡಿಯೊ ಮೂಲಕ ಕಳಿಸುವ ಪ್ಯಾಕೆಟ್ ರೇಡಿಯೊ ಇದೆ. 1978ರಲ್ಲಿ ಮಾಂಟ್ರಿಯಲ್‌ನ ಹವ್ಯಾಸಿಗಳು ಆರಂಭಿಸಿದ ಪ್ರಯೋಗ ಇದು. ಇಂದಿಗೂ ಬಳಕೆಯಲ್ಲಿರುವ ಎಎಕ್ಸ್.25 ಶಿಷ್ಟಾಚಾರದ (ಯಂತ್ರಗಳ ಸಂವಹನ ನಿಯಮಾವಳಿಯ) ಎರಡನೇ ಆವೃತ್ತಿ ಬಂದದ್ದು 1984ರಲ್ಲಿ. ಹಳತು, ನಿಜ. ಆದರೆ ಹಳತಾದ್ದರಿಂದಲೇ ಅದರ ಗುಣದೋಷ ಎರಡೂ ಗೊತ್ತಿವೆ. ಪಠ್ಯವನ್ನು ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಕಳಿಸಿದವರ ಮತ್ತು ಪಡೆಯುವವರ ಕರೆಸಂಕೇತ (ಕೇಂದ್ರದ ಗುರುತು) ಅಂಟಿಸಿ, ಕೊನೆಗೆ 16 ಬಿಟ್‌ಗಳ ತಪಾಸಣಾ ಮೊತ್ತ ಸೇರಿಸಿ, 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳಲ್ಲಿ ಕಳಿಸುತ್ತಾರೆ. ಮೊತ್ತ ತಾಳೆಯಾಗದಿದ್ದರೆ ಅತ್ತ ಕಡೆಯ ಯಂತ್ರ ಆ ತುಂಡನ್ನು ಎಸೆಯುತ್ತದೆ, ಸ್ವೀಕೃತಿ (‘ತಲುಪಿತು’ ಎಂಬ ಉತ್ತರ) ಬಾರದ್ದಕ್ಕೆ ಇತ್ತ ಕಡೆಯದು ಮತ್ತೆ ಕಳಿಸುತ್ತದೆ. 15 ಹೋದರೆ 15ಆಗಿಯೇ ತಲುಪುತ್ತದೆ, ಇಲ್ಲವಾದರೆ ತಲುಪುವುದೇ ಇಲ್ಲ.

ವೇಗದ ಲೆಕ್ಕ ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಫೋಟೊ ಕಳಿಸುವ ಆಸೆ ಹುಟ್ಟುತ್ತದೆ. ಸೆಕೆಂಡಿಗೆ 1200 ಬಿಟ್ ಎಂದರೆ 150 ಬೈಟ್. 128 ಬೈಟ್ ಪಠ್ಯಕ್ಕೆ ವಿಳಾಸ ಇತ್ಯಾದಿ ಸೇರಿ ಸುಮಾರು 148 ಬೈಟ್, ಅಂದರೆ ಒಂದು ಸೆಕೆಂಡು. ಟ್ರಾನ್ಸ್‌ಮಿಟರ್ ಎದ್ದು ನಿಲ್ಲಲು 0.3 ಸೆಕೆಂಡು. ಸ್ವೀಕೃತಿಗೆ ಇನ್ನೊಂದು 0.45. ಹೀಗೆ ಒಂದು ತುಂಡಿಗೆ ಒಂದೂ ಮುಕ್ಕಾಲು ಸೆಕೆಂಡು. ಒಬ್ಬರಿಗೆ 60 ಬೈಟ್‌ನಂತೆ ನೂರು ಜನರ ಪಟ್ಟಿ 6000 ಬೈಟ್. ಚಾನೆಲ್ ಖಾಲಿಯಿದ್ದರೆ ಒಂದೂವರೆ ನಿಮಿಷ, ನಾಲ್ಕು ಕೇಂದ್ರಗಳು ಹಂಚಿಕೊಂಡಿದ್ದರೆ ಅದರ ಮೂರು ನಾಲ್ಕು ಪಟ್ಟು. ಅಷ್ಟಾದರೂ ಬಾಯಿಮಾತಿಗಿಂತ ಎಷ್ಟೋ ಮೇಲು.

ಕನ್ನಡದಲ್ಲಿ ಕಳಿಸುವವರು ಇನ್ನೊಂದು ಲೆಕ್ಕ ಹಾಕಬೇಕು. ಕಂಪ್ಯೂಟರಿನಲ್ಲಿ ಅಕ್ಷರ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ‘ಕ್ಷೇ’ ಎಂಬ ಒಂದೇ ಅಕ್ಷರ ಕ, ವಿರಾಮ, ಷ, ಏತ್ವ ಎಂದು ನಾಲ್ಕು ಸಂಕೇತಗಳಾಗಿ 12 ಬೈಟ್ ತಿನ್ನುತ್ತದೆ. ‘ಆಸ್ಪತ್ರೆ’ಗೆ 24 ಬೈಟ್. ಅದೇ ನೂರು ಜನರ ಪಟ್ಟಿ ಕನ್ನಡ ಲಿಪಿಯಲ್ಲಿ ಹದಿನೆಂಟು ಸಾವಿರ ಬೈಟ್ ಸಮೀಪಿಸುತ್ತದೆ. ಏಳು ಬಿಟ್‌ಗೆ ಹೊಂದಿಸಿಟ್ಟ ಹಳೆಯ ಟಿಎನ್‌ಸಿಯನ್ನು (ಕಂಪ್ಯೂಟರ್ ಮತ್ತು ರೇಡಿಯೊ ನಡುವೆ ಕೂತು ಪ್ಯಾಕೆಟ್ ಕಟ್ಟಿ ಬಿಚ್ಚುವ ಪೆಟ್ಟಿಗೆ) ನೇರ ಟೈಪಿಸುವ ಟರ್ಮಿನಲ್ ಮೋಡ್‌ನಲ್ಲಿ ಬಳಸಿದರಂತೂ ಎಂಟನೇ ಬಿಟ್ ಕಳೆದು ಹೋಗಿ ಪರದೆಯ ಮೇಲೆ ಕಸ ಬೀಳುತ್ತದೆ. ಬೈಟ್‌ಗಳನ್ನು ಇದ್ದ ಹಾಗೇ ದಾಟಿಸುವ ಕಿಸ್ ಮೋಡ್‌ನಲ್ಲಿ ಆ ತೊಂದರೆ ಇಲ್ಲ. ನನ್ನ ಸಲಹೆ ಇಷ್ಟು: ಹೆಸರು, ವಯಸ್ಸು, ಸ್ಥಿತಿ, ಶಿಬಿರ ಸಂಖ್ಯೆ ಇರುವ ಪಟ್ಟಿಗೆ ರೋಮನ್ ಲಿಪಿ ಮತ್ತು ಮೊದಲೇ ಒಪ್ಪಿಕೊಂಡ ಸಂಕ್ಷೇಪಗಳು ಸಾಕು. ಜನರಿಗೆ ಓದಿ ಹೇಳಬೇಕಾದ ಪ್ರಕಟಣೆ ಮಾತ್ರ ಕನ್ನಡದಲ್ಲೇ ಇರಲಿ, ಸಂಕುಚನ ಮಾಡುವ ತಂತ್ರಾಂಶದ ಮೂಲಕ ಹೋಗಲಿ. ಸ್ಥಳ ಮತ್ತು ಕಿರುಸಂದೇಶ ಸಾರುವ ಪ್ಯಾಕೆಟ್ ವ್ಯವಸ್ಥೆಯಾದ ಎಪಿಆರ್‌ಎಸ್‌ನ ಕಿರುಸಂದೇಶದ ಮಿತಿ 67 ಅಕ್ಷರ. ಅದನ್ನು ಬೈಟ್ ಎಂದು ಎಣಿಸಿದರೆ ಕನ್ನಡದ 22 ಸಂಕೇತ, ಒಂದು ಪುಟ್ಟ ವಾಕ್ಯವೂ ಹಿಡಿಸದು.

ಇನ್ನು ಸಲಕರಣೆ. ಒಂದು ವಿಎಚ್‌ಎಫ್ ಎಫ್‌ಎಂ ರೇಡಿಯೊ (ಹಾಡು ಕೇಳುವುದಲ್ಲ, ಕಳಿಸಲೂ ಕೇಳಲೂ ಆಗುವ ಹ್ಯಾಮ್ ರೇಡಿಯೊ), ಒಂದು ಸಣ್ಣ ಕಂಪ್ಯೂಟರ್, ನಡುವೆ ಯುಎಸ್‌ಬಿ ಸೌಂಡ್ ಕಾರ್ಡ್. ಟಿಎನ್‌ಸಿಯ ಕೆಲಸವನ್ನು ಡೈರ್‌ವುಲ್ಫ್ ಎಂಬ ಉಚಿತ ತಂತ್ರಾಂಶ ಮಾಡುತ್ತದೆ. ಇದರಲ್ಲಿ ಜನ ಎಡವುವುದು ಬಹುತೇಕ ಒಂದೇ ಕಡೆ, ಆಡಿಯೊ ಮಟ್ಟದಲ್ಲಿ. ಸೌಂಡ್ ಕಾರ್ಡಿನ ಹೊರಹರಿವು ಒಂದು ವೋಲ್ಟ್ ಆಸುಪಾಸು, ರೇಡಿಯೊದ ಮೈಕ್ ಕೇಳುವುದು ಕೆಲವೇ ಮಿಲಿವೋಲ್ಟ್. ನೇರ ಜೋಡಿಸಿದರೆ ಸ್ವರಗಳ ತುದಿ ಕತ್ತರಿಸಿ ಹೋಗುತ್ತದೆ. ಕಿವಿಗೆ ಜೋರಾಗಿ, ಚೆನ್ನಾಗಿಯೇ ಕೇಳಿಸುತ್ತದೆ, ಆದರೆ ಅತ್ತ ಕಡೆ ಒಂದು ಫ್ರೇಮೂ (ಮೇಲೆ ಹೇಳಿದ ತುಂಡು) ಬಿಚ್ಚಿಕೊಳ್ಳುವುದಿಲ್ಲ. ಮೈಕ್‌ಗೆ ಹೋಗುವ ತಂತಿಯಲ್ಲಿ 10 ಕಿಲೋಓಮ್, ಮೈಕ್‌ನಿಂದ ಭೂಮಿಗೆ (ಗ್ರೌಂಡ್) 100 ಓಮ್ ರೆಸಿಸ್ಟರ್ ಹಾಕಿದರೆ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ರೇಡಿಯೊದ ಮೈಕ್ ತಂತಿಯಲ್ಲಿ ಡಿಸಿ ಇದ್ದರೆ ತಡೆಯಲು ಒಂದು ಕೆಪಾಸಿಟರ್ ಇರಲಿ. ಬಳಿಕ ಇನ್ನೊಂದು ರೇಡಿಯೊದಲ್ಲಿ ಕೇಳುತ್ತಾ ಮಟ್ಟ ಏರಿಸಿ. ಎಲ್ಲಿ ಸದ್ದು ಏರುವುದು ನಿಲ್ಲುತ್ತದೋ ಅಲ್ಲಿಂದ ಸ್ಪಷ್ಟವಾಗಿ ಕೆಳಗಿಳಿಸಿ. ಅಳೆಯುವ ಉಪಕರಣ ಇದ್ದವರು 3ರಿಂದ 3.5 ಕಿಲೋಹರ್ಟ್ಸ್ ಡೀವಿಯೇಷನ್ (ಆಡಿಯೊಗೆ ತಕ್ಕಂತೆ ಫ್ರೀಕ್ವೆನ್ಸಿ ಓಲಾಡುವ ಪ್ರಮಾಣ) ಇಟ್ಟುಕೊಳ್ಳಲಿ.

ಸ್ವೀಕರಿಸುವ ಕಡೆ ಡೈರ್‌ವುಲ್ಫ್ ತಾನೇ ಮಟ್ಟ ತೋರಿಸುತ್ತದೆ. ಪ್ರತಿ ಫ್ರೇಮ್ ಜೊತೆ 50, ಆವರಣದಲ್ಲಿ 12/11 ಎಂಬಂಥ ಅಂಕಿ ಬರುತ್ತದೆ. ಮೊದಲನೆಯದು ಒಟ್ಟು ಮಟ್ಟ, 50ರ ಸುತ್ತಮುತ್ತ ಇದ್ದರೆ ಒಳ್ಳೆಯದು. ಆವರಣದೊಳಗಿನವು ಎರಡು ಸ್ವರಗಳ ಮಟ್ಟ. ಎರಡೂ ಹತ್ತಿರವಿದ್ದರೆ ಸರಿ. 20/6 ಎಂದು ಬಂದರೆ ಮೇಲಿನ ಸ್ವರ ಸೊರಗಿದೆ ಎಂದರ್ಥ. ಒಂದು ಕಡೆ ಏರುಸ್ವರಕ್ಕೆ ಒತ್ತು ಕೊಡದೆ ಕಳಿಸಿ, ಇನ್ನೊಂದು ಕಡೆ ಸ್ಪೀಕರ್ ಕಿಂಡಿಯಿಂದ ಏರುಸ್ವರ ತಗ್ಗಿಸಿದ ಆಡಿಯೊ ತೆಗೆದಾಗ ಹೀಗಾಗುತ್ತದೆ. ಈ ಒಂದು ಸಾಲನ್ನು ಓದಲು ಕಲಿತವರು ಅರ್ಧ ದಿನದ ತಿಣುಕಾಟ ಉಳಿಸಿಕೊಳ್ಳುತ್ತಾರೆ.

ಕೈ ರೇಡಿಯೊ ಬಳಸುವವರು ಬ್ಯಾಟರಿ ಉಳಿತಾಯದ ಸೌಲಭ್ಯವನ್ನು ಮೊದಲು ಆರಿಸಲಿ. ಮಲಗಿದ ರಿಸೀವರ್ ಏಳುವಷ್ಟರಲ್ಲಿ ಪ್ಯಾಕೆಟ್ಟಿನ ತಲೆ ಹೋಗಿರುತ್ತದೆ. ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚುವ ಬಾಗಿಲು) ತೆರೆದಿಡಿ, ಸಿಟಿಸಿಎಸ್‌ಎಸ್ (ಗೊತ್ತುಪಡಿಸಿದ ಸ್ವರ ಕೇಳಿದರಷ್ಟೇ ಸದ್ದು ತೆರೆಯುವ ಸೌಲಭ್ಯ) ಬೇಡ, ಕಾರಣ ಅದೇ. ಸದ್ದು ಕೇಳಿ ತಾನೇ ಟ್ರಾನ್ಸ್‌ಮಿಟರ್ ಒತ್ತುವ ವಾಕ್ಸ್ ನೆಚ್ಚಬೇಡಿ: ಪ್ಯಾಕೆಟ್ ಮುಗಿದ ಮೇಲೂ ಅದು ಟ್ರಾನ್ಸ್‌ಮಿಟರನ್ನು ಹಿಡಿದೇ ಇರುತ್ತದೆ, ಅಷ್ಟರಲ್ಲಿ ಅತ್ತ ಕಡೆಯ ಸ್ವೀಕೃತಿ ಬಂದು ಹೋಗಿರುತ್ತದೆ. ಪಿಟಿಟಿಗೆ (ಟ್ರಾನ್ಸ್‌ಮಿಟರ್ ಒತ್ತುವ ಗುಂಡಿ) ಕಂಪ್ಯೂಟರಿನ ಸೀರಿಯಲ್ ಪೋರ್ಟಿನ ಆರ್‌ಟಿಎಸ್ ತಂತಿ ಅಥವಾ ಒಂದು ಜಿಪಿಐಒ ಕಾಲು, ನಡುವೆ ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಆಪ್ಟೋಕಪ್ಲರ್ ಸಾಕು. ಆಂಟೆನಾ ಹತ್ತಿರವಿದ್ದಾಗ ರೇಡಿಯೊ ಶಕ್ತಿ ಯುಎಸ್‌ಬಿ ತಂತಿಗೆ ನುಗ್ಗಿ ಕಂಪ್ಯೂಟರ್ ಹೆಪ್ಪುಗಟ್ಟಿದರೆ ಟ್ರಾನ್ಸ್‌ಮಿಟರ್ ಒತ್ತಿದ ಹಾಗೇ ಉಳಿದು ಇಡೀ ಚಾನೆಲ್ ಸತ್ತುಹೋಗುತ್ತದೆ. ತಂತಿಗೆ ರೇಡಿಯೊ ಶಕ್ತಿ ತಡೆಯುವ ಫೆರೈಟ್ ಮಣಿ ಹಾಕಿ, ರೇಡಿಯೊದ ಟೈಮ್‌ಔಟನ್ನು (ಕಳಿಸುವುದನ್ನು ತಾನೇ ನಿಲ್ಲಿಸುವ ಅವಧಿ) ಒಂದು ನಿಮಿಷಕ್ಕೆ ಇಡಿ. ಒಂದೇ ಉಸಿರಿಗೆ ಏಳು ಫ್ರೇಮ್, ತಲಾ 256 ಬೈಟ್ ಕಳಿಸಿದರೂ 13 ಸೆಕೆಂಡು ಆಗುವುದರಿಂದ ಸಾಚಾ ಸಂದೇಶಕ್ಕೆ ಅದು ಅಡ್ಡ ಬರುವುದಿಲ್ಲ.

ಸೆಕೆಂಡಿಗೆ 9600 ಬಿಟ್‌ನ ವೇಗಕ್ಕೆ ಹೋಗಬಾರದೇ ಎಂದು ಕೇಳುವವರಿದ್ದಾರೆ. ಅದಕ್ಕೆ ರೇಡಿಯೊದ ಡಿಸ್ಕ್ರಿಮಿನೇಟರ್‌ವರೆಗೆ (ಸಿಗ್ನಲ್‌ನಿಂದ ಆಡಿಯೊ ತೆಗೆಯುವ ಒಳಭಾಗ) ನೇರ ದಾರಿ ಬೇಕು, ಮೈಕ್ ಮತ್ತು ಸ್ಪೀಕರ್ ಮೂಲಕ ಆಗದು. ಸ್ಥಿರ ಬೆನ್ನೆಲುಬು ಕೊಂಡಿಗಳಿಗೆ ಅದು ಸರಿ. ಕೈಗೆ ಸಿಕ್ಕ ರೇಡಿಯೊ ಹಿಡಿದು ಬರುವ ಸ್ವಯಂಸೇವಕನಿಗೆ 1200 ಸಾಕು.

ಆಂಟೆನಾ ವಿಷಯದಲ್ಲಿ ವಾಟ್‌ಗಿಂತ ಎತ್ತರ ದೊಡ್ಡದು. ಎರಡೂ ತುದಿ 10 ಮೀಟರ್ ಎತ್ತರವಿದ್ದರೆ ರೇಡಿಯೊ ದಿಗಂತ ಸುಮಾರು 26 ಕಿಲೋಮೀಟರ್. ಒಂದನ್ನು 100 ಮೀಟರ್ ಗುಡ್ಡಕ್ಕೆ ಏರಿಸಿದರೆ 54. ನಡುವೆ ಮರ, ಕಟ್ಟಡ ಇದ್ದರೆ ಇನ್ನೂ ಕಡಿಮೆ. 145 ಮೆಗಾಹರ್ಟ್ಸ್‌ಗೆ 49 ಸೆಂಟಿಮೀಟರಿನ ಒಂದು ನೆಟ್ಟನೆಯ ಕಡ್ಡಿ, ಕೆಳಗೆ 45 ಡಿಗ್ರಿ ಬಾಗಿದ 51 ಸೆಂಟಿಮೀಟರಿನ ನಾಲ್ಕು ಕಡ್ಡಿ, ಇಷ್ಟರಿಂದಲೇ ರಬ್ಬರ್ ಆಂಟೆನಾವನ್ನು ನಾಚಿಸಬಹುದು. ಆರ್‌ಜಿ-58 ಕೇಬಲ್ ಹತ್ತು ಮೀಟರಿಗೆ ಸುಮಾರು 2 ಡೆಸಿಬೆಲ್ ನುಂಗುತ್ತದೆ. ಉದ್ದ ಹೆಚ್ಚಿದರೆ ಆರ್‌ಜಿ-213 ತನ್ನಿ.

ಈಗ ಜಾಲ. ಉತ್ಸಾಹಿಗಳು ಹೆಚ್ಚು ಕೆಡಿಸುವುದು ಇಲ್ಲೇ. ದೂರ ಸಾಲದಿದ್ದರೆ ನಡುವೆ ಡಿಜಿಪೀಟರ್ ಇಟ್ಟರಾಯಿತು ಎಂಬ ಭಾವನೆ ಇದೆ. ಡಿಜಿಪೀಟರ್ ಸ್ವೀಕೃತಿ ಕೊಡುವುದಿಲ್ಲ, ಕೇಳಿದ್ದನ್ನು ಮರುಕಳಿಸುತ್ತದೆ ಅಷ್ಟೆ. ಎರಡು ಡಿಜಿಪೀಟರ್ ಎಂದರೆ ಮೂರು ಜಿಗಿತ. ಪ್ರತಿ ಜಿಗಿತ ನೂರಕ್ಕೆ 80 ಬಾರಿ ಸಫಲವಾದರೂ ಫ್ರೇಮ್ ಆಚೆ ಮುಟ್ಟುವುದು ನೂರಕ್ಕೆ 51 ಬಾರಿ, ಅದರ ಸ್ವೀಕೃತಿಯೂ ಹಿಂದಿರುಗುವುದು ಬರೀ 26 ಬಾರಿ. ಉಳಿದ 74 ಬಾರಿ ಮೊದಲಿನಿಂದ ಶುರು. ನೆಟ್‌ರೋಮ್ ಮಾದರಿಯ ನೋಡ್‌ಗಳು (ಸಂದೇಶ ದಾಟಿಸುವ ನಡುಕೇಂದ್ರಗಳು) ಪ್ರತಿ ಜಿಗಿತಕ್ಕೂ ಅಲ್ಲಲ್ಲೇ ಸ್ವೀಕೃತಿ ಪಡೆಯುತ್ತವೆ, ಹಾಳಾದ ಜಿಗಿತವೊಂದೇ ಮರುಕಳಿಸುತ್ತದೆ. ಉಚಿತವಾಗಿ ಸಿಗುವ ಬಿಪಿಕ್ಯೂ ತಂತ್ರಾಂಶ ನೋಡ್ ಆಗಿಯೂ, ಅಂಚೆಪೆಟ್ಟಿಗೆಯಾಗಿಯೂ ದುಡಿಯುತ್ತದೆ.

ಗುಡ್ಡದ ಆಚೀಚೆ ಇರುವ ಎರಡು ಕೇಂದ್ರಗಳು ಪರಸ್ಪರ ಕೇಳಿಸಿಕೊಳ್ಳದೆ, ಎರಡೂ ಗುಡ್ಡದ ನೋಡ್‌ಗೆ ಏಕಕಾಲದಲ್ಲಿ ಕಳಿಸಿ ಡಿಕ್ಕಿ ಹೊಡೆಯುವುದು ಇನ್ನೊಂದು ಹಳೇ ಕಾಟ. ಇದಕ್ಕೆ ಸೆಟ್ಟಿಂಗ್‌ನಲ್ಲಿ ಪೂರ್ಣ ಮದ್ದಿಲ್ಲ. ಚಾನೆಲ್ ಖಾಲಿಯಾದಾಗ ಕಳಿಸುವ ಸಾಧ್ಯತೆ ನಿರ್ಧರಿಸುವ ಪರ್ಸಿಸ್ಟ್ 63 ಎಂದರೆ ಪ್ರತಿ ಸರದಿಗೆ ನಾಲ್ಕರಲ್ಲೊಂದು ಸಾಧ್ಯತೆ. ಹತ್ತು ಕೇಂದ್ರಗಳಿದ್ದರೆ ಅದನ್ನು 25ಕ್ಕೆ ಇಳಿಸಿ. ಸ್ವೀಕೃತಿ ಬರಲಿಲ್ಲವೆಂದು ಫ್ರ್ಯಾಕ್ ಕಾಲವನ್ನು (ಮರುಕಳಿಸುವ ಮುನ್ನ ಸ್ವೀಕೃತಿಗೆ ಕಾಯುವ ಹೊತ್ತು) ಕಡಿಮೆ ಮಾಡುವುದು ಬೆಂಕಿಗೆ ತುಪ್ಪ: ಪ್ರತಿಯೊಬ್ಬರೂ ಬೇಗಬೇಗ ಮರುಕಳಿಸಿ ಚಾನೆಲ್ ಪೂರ್ತಿ ಉಸಿರುಗಟ್ಟುತ್ತದೆ. ಸಿಗ್ನಲ್ ದುರ್ಬಲವಿದ್ದಾಗ ಪ್ಯಾಕ್‌ಲೆನ್ (ಒಂದು ತುಂಡಿನ ಪಠ್ಯದ ಬೈಟ್ ಮಿತಿ) 128ರಿಂದ 64ಕ್ಕೆ ಇಳಿಸಿ. ಸಾವಿರ ಬಿಟ್‌ಗೆ ಒಂದು ತಪ್ಪಾಗುವ ಕೊಂಡಿಯಲ್ಲಿ 128ರ ಫ್ರೇಮ್ ಉಳಿಯುವುದು ನೂರಕ್ಕೆ ಸುಮಾರು 31, 64ರದ್ದು 51. ಎರಡೂ ಕಡೆ ಡೈರ್‌ವುಲ್ಫ್ ಇದ್ದರೆ ಎಫ್‌ಎಕ್ಸ್.25 ಹಚ್ಚಿ. ಅದು ತಪ್ಪು ತಿದ್ದುವ ಬೈಟ್‌ಗಳನ್ನು ಸೇರಿಸುತ್ತದೆ, ಹಳೆಯ ಟಿಎನ್‌ಸಿಗಳೂ ಒಳಗಿನ ಮೂಲ ಫ್ರೇಮನ್ನು ಓದಬಲ್ಲವು. ಎಲ್ಲಕ್ಕಿಂತ ಮಿಗಿಲಾಗಿ, ಧ್ವನಿ ಚಾನೆಲ್ಲಿನಲ್ಲಿ ಒಬ್ಬ ನಿಯಂತ್ರಕ ಕುಳಿತು ‘ಈಗ ನೀವು ಕಳಿಸಿ’ ಎಂದು ಸರದಿ ಕೊಡುವುದೇ ಮೇಲು.

ರೇಡಿಯೊ ಇಮೇಲ್ ಜಾಲವಾದ ವಿನ್‌ಲಿಂಕ್ ಮೂಲಕ ಇಮೇಲ್ ಕಳಿಸುವ ಏರ್ಪಾಡು ಹಲವೆಡೆ ಇದೆ. ಒಳ್ಳೆಯದೇ. ಆದರೆ ಹತ್ತು ಕಿಲೋಮೀಟರ್ ಆಚೆಯ ಗೇಟ್‌ವೇಗೂ (ರೇಡಿಯೊದಿಂದ ಇಂಟರ್ನೆಟ್‌ಗೆ ದಾಟಿಸುವ ಕೇಂದ್ರ) ಅದೇ ನೆರೆ, ಅದೇ ಕತ್ತಲೆ. ಅದರ ಇಂಟರ್ನೆಟ್ ಹೋದರೆ ಸಂದೇಶ ಅಲ್ಲೇ ಕೂತಿರುತ್ತದೆ. ಕೇಂದ್ರದಿಂದ ಕೇಂದ್ರಕ್ಕೆ ನೇರ ಕಳಿಸುವ ಪೀರ್-ಟು-ಪೀರ್ ವಿಧಾನ ಎಲ್ಲರಿಗೂ ಗೊತ್ತಿರಬೇಕು, ಪೀಡಿತ ಪ್ರದೇಶದ ಹೊರಗಿನ ಗೇಟ್‌ವೇಗೆ ಎಚ್‌ಎಫ್ (ದೂರ ಹೋಗುವ ಕಿರುತರಂಗ) ದಾರಿ ಇರಬೇಕು. ಇಂಟರ್ನೆಟ್ ಇಲ್ಲದಾಗ ರಾಸ್ಪ್‌ಬೆರಿ ಪೈ 4 ಎಂಬ ಸಣ್ಣ ಕಂಪ್ಯೂಟರಿನ ಗಡಿಯಾರವೂ ಕೈಕೊಡುತ್ತದೆ. ಅದರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ‘ಆಂಬುಲೆನ್ಸ್ ಬೇಕು’ ಎಂಬ ಸಂದೇಶಕ್ಕೆ ಹಿಂದಿನ ವಾರದ ತಾರೀಕು ಬಿದ್ದರೆ ಓದುವವರು ಏನೆಂದುಕೊಳ್ಳಬೇಕು? ಡಿಎಸ್3231 ಗಡಿಯಾರದ ಬಿಲ್ಲೆ ಅಥವಾ ಜಿಪಿಎಸ್ ಜೋಡಿಸಿ.

ವಿದ್ಯುತ್ತಿನ ಲೆಕ್ಕ ಹೀಗಿದೆ. 25 ವಾಟ್ ರೇಡಿಯೊ ಕಳಿಸುವಾಗ ಸುಮಾರು 7 ಆಂಪಿಯರ್, ಕೇಳುವಾಗ 0.4, ಕಂಪ್ಯೂಟರಿಗೆ 12 ವೋಲ್ಟ್‌ನಲ್ಲಿ 0.4. ಹತ್ತರಲ್ಲೊಂದು ಪಾಲು ಸಮಯ ಕಳಿಸಿದರೆ ಸರಾಸರಿ ಒಂದೂವರೆ ಆಂಪಿಯರ್, ದಿನಕ್ಕೆ 35 ಆಂಪಿಯರ್-ಗಂಟೆ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ 70ರದ್ದು ಬೇಕು. ಗುಡ್ಡದ ನೋಡ್ ಮೂರು ಪಟ್ಟು ಮಾತಾಡುತ್ತದೆ, ಅದಕ್ಕೆ ಇದರ ಎರಡರಷ್ಟು.

ಕೊಂಡಿ ಮಟ್ಟದ ಸ್ವೀಕೃತಿ ಬಂತೆಂದರೆ ಪಕ್ಕದ ಯಂತ್ರಕ್ಕೆ ಮುಟ್ಟಿತು ಎಂದಷ್ಟೇ ಅರ್ಥ. ವೈದ್ಯರ ಕೈಗೆ ಮುಟ್ಟಿತೆಂದಲ್ಲ. ಪ್ರತಿ ಸಂದೇಶಕ್ಕೆ ಕ್ರಮಸಂಖ್ಯೆ, 24 ಗಂಟೆಯ ಸಮಯ, ಬರೆದ ಅಧಿಕಾರಿಯ ಹುದ್ದೆ ಇರಲಿ, ಓದಿದವರಿಂದ ‘ಸಂಖ್ಯೆ 14 ತಲುಪಿದೆ’ ಎಂಬ ಮರುಸಂದೇಶ ಬರಲಿ. ಹವ್ಯಾಸಿ ಬ್ಯಾಂಡಿನಲ್ಲಿ ಅರ್ಥ ಮರೆಮಾಚುವ ಗೂಢಲಿಪಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಕಳಿಸಿದ್ದನ್ನು ಯಾರು ಬೇಕಾದರೂ ಓದಬಹುದು. ರೋಗಿಯ ಹೆಸರು ಮತ್ತು ಕಾಯಿಲೆ ಒಂದೇ ಸಂದೇಶದಲ್ಲಿ ಬೇಡ, ಶಿಬಿರದ ನೋಂದಣಿ ಸಂಖ್ಯೆ ಬಳಸಿ. ಕಳಿಸುವವರಿಗೆ ಪರವಾನಗಿ ಇರಲೇಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ.

ವಿಪತ್ತು ನಿರ್ವಹಣೆಯ ಹೊಣೆ ಹೊತ್ತವರಲ್ಲಿ ಒಂದೇ ಕೋರಿಕೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಆಗದಿರಲು ಮುಂದಿನ ಅಣಕು ಕಾರ್ಯಾಚರಣೆಯಲ್ಲಿ ಇಂಟರ್ನೆಟ್ ತಂತಿ ಕಿತ್ತು, ಮುಖ್ಯ ವಿದ್ಯುತ್ ಆರಿಸಿ, ನೂರು ಹೆಸರಿನ ಒಂದು ಪಟ್ಟಿಯನ್ನು ಆಪರೇಟರುಗಳ ಕೈಗೆ ಕೊಡಿ. ಅರ್ಧ ಗಂಟೆಯ ಬಳಿಕ ಆಚೆ ಬದಿಯಲ್ಲಿ ಮುದ್ರಿಸಿದ ಪಟ್ಟಿಯನ್ನು ಮೂಲದ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಿ. ಪಟ್ಟಿ ಬಾರದಿದ್ದರೆ ಯಾವ ಜಿಗಿತದಲ್ಲಿ ನಿಂತಿತು ಎಂದು ನೋಡ್‌ನ ದಾಖಲೆ ತೋರಿಸುತ್ತದೆ. ದುರಸ್ತಿ ಅಲ್ಲಿಂದ ಶುರುವಾಗಲಿ.

– ಒಬ್ಬ ಹವ್ಯಾಸಿ ರೇಡಿಯೊ ಆಪರೇಟರ್