ಅಕ್ಕನನ್ನು ಕೂರಿಸಿಬಿಡಬೇಡ

ಚಿ. ಶ್ರೀಧರನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನೀನೂ ನಿನ್ನ ಹೆಂಡತಿಯೂ ನಿನ್ನ ಅಮ್ಮನನ್ನು, ಅಂದರೆ ನನ್ನ ಅಕ್ಕನನ್ನು, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿರುವುದನ್ನು ಕಂಡು ಮನಸ್ಸು ತುಂಬಿ ಬಂತು. ಆದರೂ ಒಂದು ಮಾತು ಹೇಳಲೇಬೇಕು. ಜ್ವರ ಬಿಟ್ಟು ಎಷ್ಟೋ ದಿನವಾದರೂ ಅವಳ ಕೈಗೆ ನೀರಿನ ಲೋಟ ಕೂತಲ್ಲಿಗೇ ಬರುತ್ತಿದೆ. ಕುರ್ಚಿಯಿಂದ ಏಳಲು ಎರಡೂ ಕೈ ಊರುತ್ತಾಳೆ. 'ವಯಸ್ಸಾಯ್ತಲ್ಲ ಮಾವ' ಅಂದೆ ನೀನು. ಅದು ಬರೀ ವಯಸ್ಸಲ್ಲ ಕಣೋ, ತೊಡೆಯ ಸ್ನಾಯು ಕರಗುತ್ತಿದೆ. ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ ಅಮೆರಿಕದ ಒಂದು ಅಧ್ಯಯನದಲ್ಲಿ ಕಾಲಿನಿಂದಲೇ ಹೆಚ್ಚುಕಡಿಮೆ 1 ಕೆ.ಜಿ. ಇಳಿದಿತ್ತು, ಅದೂ ಕೊಬ್ಬಲ್ಲ.

ಮೊದಲು ಊಟ ನೋಡು. ಬೆಳಿಗ್ಗೆ ಎರಡು ಇಡ್ಲಿ, ರಾತ್ರಿ ಅನ್ನ ತಿಳಿಸಾರು. ಪ್ರೋಟೀನ್ ಎಲ್ಲಿಂದ ಬರಬೇಕು? ಈ ವಯಸ್ಸಿನವರಿಗೆ ಮೈತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು ಅನ್ನುತ್ತಾರೆ ತಜ್ಞರು. 55 ಕೆ.ಜಿ. ತೂಗುವ ಅಕ್ಕನಿಗೆ 55ರಿಂದ 66 ಗ್ರಾಂ ಆಯಿತು. ಮೊಟ್ಟೆಯನ್ನಂತೂ ಅವಳು ಮುಟ್ಟುವುದಿಲ್ಲ. ಹುರುಳಿಕಾಳು, ಹೆಸರುಕಾಳು ಬೇಯಿಸುವ ಮುಂಚೆ 100 ಗ್ರಾಂ ತೂಗಿದರೆ 20 ಗ್ರಾಂಗೂ ಮೇಲೆ ಪ್ರೋಟೀನ್ ಇದೆ. ಬಸ್ಸಾರು ಮಾಡಿದ ದಿನ ಕಾಳಿನ ಪಲ್ಯವೆಲ್ಲ ನಿಮ್ಮ ತಟ್ಟೆಗೆ, ಬರೀ ಸಾರು ಅವಳಿಗೆ ಅನ್ನುವಂತಾಗಬಾರದು. ಹಲ್ಲಿನ ತೊಂದರೆಯಿದ್ದರೆ ಕಾಳು ಮೆತ್ತಗೆ ಬೇಯಿಸಿ ಮಸೆದು ಹಾಕಿ. ಗಟ್ಟಿ ಮೊಸರು, ಹಾಲು, ಕಡಲೆಕಾಯಿ ಚಟ್ನಿ ಮೂರು ಹೊತ್ತಿಗೂ ಹಂಚಿಕೊಡಿ. ಕಿಡ್ನಿಯ ಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕೇಳಿಯೇ ಇದನ್ನೆಲ್ಲ ಶುರುಮಾಡು.

ದೇವಸ್ಥಾನದವರೆಗೆ ನಡೆಸಿಕೊಂಡು ಹೋಗುವುದನ್ನು ಬಿಡಬೇಡ. ಆದರೆ ನಡಿಗೆಯೊಂದೇ ಸಾಲದು, ಸ್ನಾಯುವಿಗೆ ಭಾರ ಬೀಳಬೇಕು. ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು ಎದ್ದು ಕೂರುವ ಅಭ್ಯಾಸ ಮಾಡಿಸು. ಮೊದಮೊದಲು ಕೈ ಊರಲಿ, ಆಮೇಲೆ ಎದೆಗೆ ಕೈಕಟ್ಟಲಿ. ಐದು ಸಲ ಎದ್ದು ಕೂರಲು 12 ಸೆಕೆಂಡೋ ಅದಕ್ಕೂ ಹೆಚ್ಚೋ ಹಿಡಿದರೆ ಕಾಲಿನ ಶಕ್ತಿ ಕುಂದಿದೆಯೆಂದೇ ಲೆಕ್ಕ. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಲಿ, ನೀನು ಪಕ್ಕದಲ್ಲಿರು. ಈಗೇನು ಪ್ರಯೋಜನ ಅನ್ನಬೇಡ. 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 86ರಿಂದ 96 ವರ್ಷದ ವೃದ್ಧಾಶ್ರಮವಾಸಿಗಳು 8 ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿದಾಗ ಅವರ ಕಾಲಿನ ಬಲ ಎರಡು ಪಟ್ಟಿಗೂ ಮೀರಿ ಹೆಚ್ಚಿತ್ತು. ಅಕ್ಕನಿಗೆ ಇನ್ನೂ 74.

ಹೂ ಕೊಯ್ಯುವುದು, ಬಟ್ಟೆ ಮಡಚುವುದು ಅವಳಿಗೇ ಬಿಡು. ಸೊಸೆ ಏನಾದರೂ ಅಂದುಕೊಳ್ಳುತ್ತಾಳೇನೋ ಎಂದು ಅವಳು ಸುಮ್ಮನೆ ಕೂರುತ್ತಿದ್ದಾಳೆ, ನನ್ನ ಹತ್ತಿರ ಹೇಳಿಕೊಂಡಳು.

ಹೊಲದ ಹುರುಳಿ ಈ ಸಲ ಚೆನ್ನಾಗಿ ಬಂದಿದೆ, ಶನಿವಾರ ಬರುವವರ ಕೈಲಿ ಕಳಿಸುತ್ತೇನೆ. ಡಾಕ್ಟರ ಹತ್ತಿರ ಹೋಗಿಬಂದು ಫೋನ್ ಮಾಡು.

ಇಂತಿ,
ನಿನ್ನ ಮಾವ