ಟೆಸ್ಟರ್, ಬೀಗ ಮತ್ತು ಗುರೆಳ್ಳು ಚಟ್ನಿ: ಮಗಳಿಗೊಂದು ಪತ್ರ

ಪ್ರೀತಿಯ ಅವ್ವಿ,

ಫೋನಿನಲ್ಲಿ ಹೇಳಿದರೆ ನೀನು "ಹ್ಞೂಂ ಅಪ್ಪ, ಗೊತ್ತು ಅಪ್ಪ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯಲು ಕೂತೆ. ನಿಮ್ಮವ್ವ ಕಟ್ಟಿದ ಬುತ್ತಿಯ ಜೊತೆ ಒಂದು ಪೊಟ್ಟಣ ಇದೆ. ಅದರಲ್ಲಿ ಒಂದು ಟೆಸ್ಟರ್, ಒಂದು ಬೀಗ, ಉದ್ದನೆಯ ನಾಲ್ಕು ಸ್ಕ್ರೂ. ಬೇರೆಯವರ ಅಪ್ಪಂದಿರು ಗೋಡಂಬಿ, ಬಾದಾಮಿ ಕಳಿಸಿದರೆ ನಮ್ಮಪ್ಪ ಸ್ಕ್ರೂ ಕಳಿಸ್ತಾನೆ ಅಂತ ನಗಬೇಡ. ಅಮೀನಗಡದ ಕರದಂಟು ಚೀಲದ ತಳದಲ್ಲಿದೆ.

ವಿಜಯಪುರದಲ್ಲಿ ನಿನ್ನನ್ನು ಹಾಸ್ಟೆಲ್‌ಗೆ ಬಿಡಲು ಬಂದ ದಿನ ನಿಮ್ಮವ್ವ ಕಿಟಕಿ, ಕಪಾಟು, ಹಾಸಿಗೆ ನೋಡುತ್ತಿದ್ದಳು. ನನ್ನ ಕಣ್ಣು ಹೋಗಿದ್ದು ಸ್ವಿಚ್ ಬೋರ್ಡಿನ ಕಡೆಗೆ. ಇಳಕಲ್ಲಿನ ಅರ್ಧ ಓಣಿಗಳಿಗೆ ವೈರಿಂಗ್ ಮಾಡಿದವನು, ಇನ್ನೇನು ನೋಡಲಿ? ನಿನ್ನ ಮಂಚದ ಪಕ್ಕದ ಸಣ್ಣ ಸಾಕೆಟ್ 6 ಆಂಪಿಯರಿನದು. ಮನೆಗೆ ಬರುವ ಕರೆಂಟು 230 ವೋಲ್ಟ್. ಗುಣಿಸಿ ನೋಡು, 1380 ವ್ಯಾಟ್ ಆಗುತ್ತದೆ. ಈಗ ನೀರು ಕಾಯಿಸುವ ರಾಡಿನ ಮೇಲೆ ಏನು ಬರೆದಿದೆ ಓದು. ಹೆಚ್ಚಾಗಿ 1500 ವ್ಯಾಟ್ ಇರುತ್ತದೆ. ಚಹಾ ಮಾಡುವ ಕೆಟಲ್ ಕೂಡ ಹೆಚ್ಚುಕಡಿಮೆ ಅಷ್ಟೇ ಎಳೆಯುತ್ತದೆ. ಅಂದರೆ ಒಂದು ರಾಡೇ ಆ ಸಾಕೆಟ್ಟಿಗೆ ಭಾರ. ಅದನ್ನು ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿ, ಅದೇ ಬಾಕ್ಸಿನಲ್ಲಿ ಇಸ್ತ್ರಿ, ಎರಡು ಚಾರ್ಜರ್ ಸೇರಿಸಿದರೆ ವೈರು ಒಳಗೊಳಗೇ ಕಾದು ಬೆಂಕಿ ಹತ್ತಬಹುದು.

ಹಾಸ್ಟೆಲ್‌ಗಳಲ್ಲಿ ಸಾಮಾನ್ಯವಾಗಿ ರಾಡ್ ಇಟ್ಟುಕೊಳ್ಳಬಾರದು ಅಂತಲೇ ನಿಯಮ ಇರುತ್ತದೆ. ಆದರೂ ಯಾರದೋ ಮಂಚದ ಕೆಳಗೆ ಒಂದು ಅಡಗಿ ಕೂತಿರುತ್ತದೆ, ನಾನೂ ಕಂಡಿದ್ದೇನೆ. ಅದಕ್ಕೇ ಅಪಾಯದ ಗುರುತು ಹೇಳಿಬಿಡುತ್ತೇನೆ. ಇಂಥ ಬೆಂಕಿ ಒಮ್ಮೆಲೇ ಹತ್ತುವುದು ಕಡಿಮೆ. ಮೊದಲು ಪ್ಲಗ್ಗಿನ ಪಿನ್ ಕಪ್ಪಾಗುತ್ತದೆ. ಆಮೇಲೆ ಸಾಕೆಟ್ಟಿನ ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ ಹಳದಿಯಾಗುತ್ತದೆ. ಸುಟ್ಟ ವಾಸನೆ ಬಂದು ಹೋಗಿ ಮಾಡುತ್ತದೆ. ಪ್ಲಗ್ ಹಾಕುವಾಗ ಚಟಚಟ ಅಂತ ಕಿಡಿ ಹಾರುತ್ತದೆ. ಇದರಲ್ಲಿ ಒಂದು ಕಂಡರೂ ಆ ಬೋರ್ಡ್ ಬಳಸಬೇಡ. ನೀನಾಗಿ ಬಿಚ್ಚಲೂ ಬೇಡ. ವಾರ್ಡನ್‌ಗೆ ಬಾಯಲ್ಲಿ ಹೇಳಿ ಸುಮ್ನೆ ಬರಬೇಡ, ದೂರಿನ ಪುಸ್ತಕದಲ್ಲಿ ತಾರೀಖು ಹಾಕಿ ಬರೆದು, ಅದರ ಫೋಟೋ ತೆಗೆದುಕೋ. ಬಾಯಿ ಮಾತು ಮರೆತುಹೋಗುತ್ತದೆ, ಬರೆದದ್ದಕ್ಕೆ ಎಲೆಕ್ಟ್ರಿಷಿಯನ್ ಬರುತ್ತಾನೆ. ಇದು ನಾನು ಎಲೆಕ್ಟ್ರಿಷಿಯನ್ ಆಗಿಯೇ ಹೇಳುತ್ತಿರುವ ಮಾತು!

ಟೆಸ್ಟರ್ ಕಳಿಸಿದ್ದು ಬೇಸಿಗೆಗೆ. ಏಪ್ರಿಲ್, ಮೇನಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಕೂಲರ್ ಹೊರಗೆ ಬರುತ್ತದೆ. ತಗಡಿನ ಮೈ, ಒಳಗೆ ನೀರು, ಅರ್ಥಿಂಗ್ ಸರಿ ಇಲ್ಲ ಅಂದರೆ ಅದಕ್ಕಿಂತ ಅಪಾಯದ ವಸ್ತು ರೂಮಿನಲ್ಲಿ ಇನ್ನೊಂದಿಲ್ಲ. ಕೈ ಒಣಗಿರಲಿ, ಕಾಲಲ್ಲಿ ಚಪ್ಪಲಿ ಇರಲಿ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಸಾಕೆಟ್ಟಿಗೆ ಹಿಡಿದು ಅದರ ದೀಪ ಹತ್ತುತ್ತದೋ ಇಲ್ಲವೋ ನೋಡು. ಆಮೇಲೆ ಕೂಲರಿನ ತಗಡಿಗೆ ಮುಟ್ಟಿಸು. ದೀಪ ಹತ್ತಿತೋ, ಗೋಡೆಯ ಸ್ವಿಚ್ ಆಫ್ ಮಾಡಿ ದೂರ ಸರಿ. ನೀರು ತುಂಬುವಾಗಂತೂ ಪ್ಲಗ್ ಕಿತ್ತಿರಬೇಕು. ಯಾರಿಗಾದರೂ ಕರೆಂಟ್ ಹೊಡೆದರೆ ಕೈ ಹಿಡಿದು ಎಳೆಯಲು ಹೋಗಬೇಡ, ನಿನಗೂ ಹೊಡೆಯುತ್ತದೆ. ಮೊದಲು ಮೇನ್ ಸ್ವಿಚ್ ಆಫ್. ಅದು ಸಿಗದಿದ್ದರೆ ಒಣ ಕಟ್ಟಿಗೆಯಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ತಳ್ಳಬೇಕು. ಮೇನ್ ಎಲ್ಲಿದೆ ಅಂತ ಈಗಲೇ ಹೋಗಿ ನೋಡಿಕೊಂಡಿರು.

ಊರೊಳಗೆ ಪಿ.ಜಿ.ಯಲ್ಲಿರುವ ನಿನ್ನ ಗೆಳತಿಗೆ ಇನ್ನೊಂದು ಮಾತು ಹೇಳು. ಅವರ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ, ಗಾಳಿಗೆ ಕಿಂಡಿ ಇದೆಯಾ ಅಂತ ಕೇಳು. ಮುಚ್ಚಿದ ಬಚ್ಚಲಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತಿ ಬೀಳುವವರೆಗೆ ಗೊತ್ತೇ ಆಗುವುದಿಲ್ಲ. ಗೀಸರ್ ಬಚ್ಚಲಿನ ಹೊರಗೆ ಗಾಳಿಯಾಡುವ ಕಡೆ ಇರಬೇಕು. ಒಳಗೇ ಇದ್ದರೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಆಫ್ ಮಾಡಿ, ಆಮೇಲೆ ಬಾಗಿಲು ಹಾಕಿಕೊಂಡು ಸ್ನಾನ ಮಾಡಲಿ.

ಇನ್ನು ಬೀಗದ ವಿಷಯ. ಹಿಂದೆ ಆ ರೂಮಿನಲ್ಲಿದ್ದವರ ಹತ್ತಿರ ಹಳೆಯ ಬೀಗದ ಕೈ ಉಳಿದಿರಬಹುದು. ಅದಕ್ಕೆ ಹೊಸದು. ಸ್ಕ್ರೂ ಒಳಗಿನ ಚಿಲಕಕ್ಕೆ. ಈಗಿರುವವು ಅರ್ಧ ಇಂಚಿನವು, ಒಂದು ಒದೆತಕ್ಕೆ ಚಿಲಕ ಕಿತ್ತು ಬರುತ್ತದೆ. ಹಾಸ್ಟೆಲ್ ಬಡಿಗನ ಕೈಯಿಂದ ಈ ಉದ್ದನೆಯವನ್ನು ಹಾಕಿಸಿಕೋ, ವಾರ್ಡನ್‌ಗೆ ಹೇಳಿಯೇ.

ರೂಮಿನ ಬಾಗಿಲಿಗೆ ಬೀಗ ಬೇಕು ಅನ್ನುವ ನಾನೇ, ಹೊರಗಿನ ಗೇಟಿನ ಬೀಗದ ಬಗ್ಗೆ ಬೇರೆ ಮಾತು ಹೇಳುತ್ತೇನೆ. ನಾನು ವೈರಿಂಗ್ ಮಾಡಿದ ಕೆಲವು ಹುಡುಗಿಯರ ಹಾಸ್ಟೆಲ್‌ಗಳಲ್ಲಿ ಕಿಟಕಿಗೆಲ್ಲ ಗ್ರಿಲ್, ಮೆಟ್ಟಿಲು ಒಂದೇ, ರಾತ್ರಿ ಹೊರಗಿನಿಂದ ಬೀಗ, ಕೀಲಿ ವಾಚ್‌ಮನ್ ಕಿಸೆಯಲ್ಲಿ, ವಾಚ್‌ಮನ್ ಚಹಾದಂಗಡಿಯಲ್ಲಿ. ಇದಕ್ಕೆ ಅವರು ಇಟ್ಟ ಹೆಸರು ಭದ್ರತೆ. ಹುಡುಗಿಯರು ಹೊರಗೆ ಹೋಗದಂತೆ ಕಟ್ಟಿದ ಕಟ್ಟಡದಲ್ಲಿ ಬೆಂಕಿ ಬಿದ್ದರೆ ಅವರು ಹೊರಗೆ ಬರುವುದು ಹೇಗೆ? ನಿಮ್ಮಲ್ಲಿ ಹೇಗಿದೆ ಅಂತ ಕೇಳಿ ತಿಳಿದುಕೋ. ರಾತ್ರಿ ಎರಡು ಗಂಟೆಗೆ ಕೀಲಿ ಯಾರ ಹತ್ತಿರ ಇರುತ್ತದೆ? ಎರಡನೇ ದಾರಿ ಯಾವುದು? ನಿನ್ನ ರೂಮಿನಿಂದ ಮೆಟ್ಟಿಲಿಗೆ ಎಷ್ಟು ಬಾಗಿಲು ದಾಟಬೇಕು? ಕತ್ತಲಲ್ಲಿ ಗೋಡೆ ಮುಟ್ಟಿಕೊಂಡು ಒಮ್ಮೆ ನಡೆದು ನೋಡು. ಹೊಗೆ ತುಂಬಿದರೆ ಬಗ್ಗಿ ನಡೆಯಬೇಕು, ಒಳ್ಳೆಯ ಗಾಳಿ ನೆಲದ ಹತ್ತಿರವೇ ಇರುತ್ತದೆ. ಕರೆಂಟಿನ ಬೆಂಕಿಗೆ ನೀರು ಹಾಕಬಾರದು. ಲ್ಯಾಪ್‌ಟಾಪ್, ಮಾರ್ಕ್ಸ್ ಕಾರ್ಡ್ ಯಾವುದಕ್ಕೂ ತಿರುಗಿ ಒಳಗೆ ಹೋಗಬಾರದು. ಮಾರ್ಕ್ಸ್ ಕಾರ್ಡ್ ಮತ್ತೆ ತೆಗೆಸಬಹುದು.

ರಸ್ತೆಯ ಬಗ್ಗೆ ನಿನ್ನ ಅಜ್ಜಿ ಏನೇನೋ ಬರೆಸಲು ಹೊರಟಿದ್ದಳು. ಒಬ್ಬಳೇ ಹೋಗಬೇಡ, ಅಲ್ಲಿ ನಿಲ್ಲಬೇಡ, ಇಲ್ಲಿ ಕೂರಬೇಡ ಅಂತ. ನಾನು ಬರೆಯಲಿಲ್ಲ. ನೀನು ಓದುತ್ತಿರುವುದು ಅಕ್ಕಮಹಾದೇವಿಯ ಹೆಸರಿನ ವಿಶ್ವವಿದ್ಯಾಲಯದಲ್ಲಿ. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದವಳ ಹೆಸರು ಗೇಟಿನ ಮೇಲೆ ಬರೆದು, ಒಳಗಿರುವ ಹುಡುಗಿಗೆ ಒಬ್ಬಳೇ ಹೋಗಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಹೋಗು. ಗೋಳಗುಮ್ಮಟಕ್ಕೂ ಹೋಗು, ಸಿದ್ಧೇಶ್ವರ ಜಾತ್ರೆಗೂ ಹೋಗು. ನಿಮ್ಮ ವಿಶ್ವವಿದ್ಯಾಲಯ ಇರುವ ತೊರವಿ ಕಡೆಗೆ ಕತ್ತಲಾದ ಮೇಲೆ ಆಟೋ ಹತ್ತುವುದಿದ್ದರೆ ನಂಬರ್ ಪ್ಲೇಟಿನ ಫೋಟೋ ತೆಗೆದು ರೂಮ್‌ಮೇಟ್‌ಗೆ ಕಳಿಸು. ಡ್ರೈವರ್ ಎದುರಿಗೇ ತೆಗೆ, ಅವನಿಗೆ ಕಾಣುವ ಹಾಗೆ. ಊರಿಗೆ ಬರುವಾಗ ಬೆಳಗಿನ ಬಸ್ಸು ಹಿಡಿದರೆ ಹುನಗುಂದ ದಾಟಿ ಊಟದ ಹೊತ್ತಿಗೆ ಮನೆಯಲ್ಲಿರುತ್ತೀಯ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡೂ ಇಲ್ಲ, ಆಧಾರ್ ಒಂದು ಮರೆಯದಿದ್ದರೆ ಸಾಕು.

ಫೋನಿನಲ್ಲಿ 112 ಇಟ್ಟುಕೋ. ಪೊಲೀಸ್, ಆಂಬುಲೆನ್ಸ್, ಬೆಂಕಿ ಎಲ್ಲಕ್ಕೂ ಅದೇ. 181 ಮಹಿಳಾ ಸಹಾಯವಾಣಿ. ಹಣದ ಮೋಸ ಆದರೆ ಕೂಡಲೇ 1930ಕ್ಕೆ ಮಾಡಬೇಕು, ಎಷ್ಟು ಬೇಗ ಮಾಡುತ್ತೀಯೋ ದುಡ್ಡು ತಡೆಹಿಡಿಯಲು ಅಷ್ಟು ಅನುಕೂಲ. "ನಿಮ್ಮ ಸ್ಕಾಲರ್‌ಶಿಪ್ ಬಂದಿದೆ, ಪಿನ್ ಹಾಕಿ" ಅಂತ ಯಾರಾದರೂ ಅಂದರೆ ಅಲ್ಲೇ ಫೋನ್ ಇಡು. ದುಡ್ಡು ಬರಲು ಪಿನ್ ಬೇಕಾಗಿಲ್ಲ, ಪಿನ್ ಬೇಕಾಗುವುದು ದುಡ್ಡು ಹೋಗಲು.

ಸೀನಿಯರ್‌ಗಳು ಕಾಡಿದರೆ ಯುಜಿಸಿಯ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522, ಹಗಲು ರಾತ್ರಿ ಇರುತ್ತದೆ. ಮೇಷ್ಟ್ರೇ ಇರಲಿ, ಸಿಬ್ಬಂದಿಯೇ ಇರಲಿ, ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ದೂರು ಕೊಡಲು ಪ್ರತಿ ವಿಶ್ವವಿದ್ಯಾಲಯದಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು. ಅದರ ಮುಖ್ಯಸ್ಥೆ ಹೆಣ್ಣುಮಗಳೇ ಆಗಿರಬೇಕು. ಮೂರು ತಿಂಗಳೊಳಗೆ ದೂರು ಕೊಡಬೇಕು ಅನ್ನುವುದನ್ನು ನೆನಪಿಡು. ಒಬ್ಬ ಹುಡುಗ ಬೇಡ ಅಂದರೂ ಬೆನ್ನು ಬಿದ್ದರೆ, ಮೆಸೇಜ್ ಮೇಲೆ ಮೆಸೇಜ್ ಹಾಕಿದರೆ ಅದು ಅಪರಾಧ. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿನಲ್ಲಿ ಅದಕ್ಕೆ ಶಿಕ್ಷೆ ಇದೆ. "ಇದು ನಮ್ಮ ಠಾಣೆಗೆ ಬರಲ್ಲ, ಅಲ್ಲಿಗೆ ಹೋಗಿ" ಅಂದರೆ ಒಪ್ಪಬೇಡ. ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಮಾಡಿಸಬಹುದು. ಇಷ್ಟೆಲ್ಲ ಎಲ್ಲಿ ಕಲಿತೆ ಅಂತ ಕೇಳಬೇಡ. ನೀನು ಹೋದ ಮೇಲೆ ರಾತ್ರಿ ನಿದ್ದೆ ಬರದೆ ಇದನ್ನೇ ಓದುತ್ತಿದ್ದೇನೆ.

ಆದರೆ ನಂಬರು, ಕಾನೂನು ಎಲ್ಲ ಇದ್ದೂ ಹುಡುಗಿಯರು ಯಾಕೆ ಹೇಳುವುದಿಲ್ಲ ಅನ್ನುವುದು ನನಗೆ ಗೊತ್ತು. ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಬ್ಬ ಹುಡುಗಿ, ಕಾಲೇಜಿಗೆ ಹೋಗುವಾಗ ಒಬ್ಬ ಹಿಂದೆ ಬರುತ್ತಾನೆ ಅಂತ ಮನೆಯಲ್ಲಿ ಹೇಳಿದಳು. ಮನೆಯವರು ಅವನನ್ನು ಏನೂ ಕೇಳಲಿಲ್ಲ. ಇವಳ ಕಾಲೇಜು ಬಿಡಿಸಿದರು, ಆ ಬೇಸಿಗೆಯಲ್ಲೇ ಮದುವೆ ಮಾಡಿದರು. ಊಟಕ್ಕೆ ನಾವೂ ಹೋಗಿದ್ದೆವು. ಅವನು ಈಗಲೂ ಬೈಕ್ ಮೇಲೆ ತಿರುಗುತ್ತಾನೆ. ಓಣಿಯ ಉಳಿದ ಹುಡುಗಿಯರು ಅದರಿಂದ ಕಲಿತದ್ದು ಒಂದೇ: ಮನೆಯಲ್ಲಿ ಹೇಳಬಾರದು. ಆಗ ನೀನು ಹೈಸ್ಕೂಲಿನಲ್ಲಿದ್ದೆ. ನೀನೂ ನೋಡಿದ್ದೀಯ.

ಅದಕ್ಕೇ ಬರೆದೇ ಕೊಡುತ್ತಿದ್ದೇನೆ. ನೀನು ಏನೇ ಹೇಳು, "ಗಂಟು ಕಟ್ಟು, ಊರಿಗೆ ಬಾ" ಅನ್ನುವ ಮಾತು ನನ್ನ ಬಾಯಿಂದ ಬರುವುದಿಲ್ಲ. ನಿನ್ನ ಓದು ನಿಲ್ಲುವುದಿಲ್ಲ. ಯಾವುದೋ ಹುಡುಗನ ಜೊತೆ ಚಹಾ ಕುಡಿಯಲು ಹೋಗಿದ್ದಾಗ ಏನೋ ಆಯಿತು ಅಂದುಕೋ. ಯಾರಿಗೋ ನಂಬಿ ಕಳಿಸಿದ ಫೋಟೋ ಇಟ್ಟುಕೊಂಡು ಅವನು ಹೆದರಿಸುತ್ತಾನೆ ಅಂದುಕೋ. ಯಾಕೆ ಹೋಗಿದ್ದೆ, ಯಾಕೆ ಕಳಿಸಿದೆ ಅಂತ ನಾನು ಕೇಳುವುದಿಲ್ಲ. ಕೇಳಬೇಕು ಅನ್ನಿಸಿದರೂ ಆ ದಿನ ಕೇಳುವುದಿಲ್ಲ. ಆ ದಿನ ಮಾಡುವ ಕೆಲಸ ಬೇರೆ ಇರುತ್ತದೆ: ಅವನಿಗೆ ಒಂದು ರೂಪಾಯಿ ಕೊಡಬಾರದು, ಮೆಸೇಜ್ ಅಳಿಸಬಾರದು, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ಸೈಬರ್ ಪೊಲೀಸರಿಗೆ ಕೊಡಬೇಕು. ನಾನೇ ಜೊತೆಗೆ ಬಂದು ಠಾಣೆಯ ಬೆಂಚಿನ ಮೇಲೆ ಕೂರುತ್ತೇನೆ. ನಿನ್ನ ಅಜ್ಜಿಗೂ, ನಿನ್ನ ಸೋದರಮಾವನಿಗೂ ಇದನ್ನು ಹೇಳಿ ಆಗಿದೆ. ಮಾವ ಸ್ವಲ್ಪ ಮುಖ ಗಂಟಿಕ್ಕಿದ. ಇರಲಿ ಬಿಡು.

ನಿನ್ನ ಲೊಕೇಶನ್ ಇಡೀ ದಿನ ನೋಡುತ್ತಾ ಕೂರುವ ಆಸೆ ನನಗಿಲ್ಲ. ನಿಮ್ಮವ್ವನಿಗೆ ಇದೆ, ಅವಳ ಜೊತೆ ನೀನೇ ಮಾತಾಡಿಕೋ. ನನ್ನದು ಒಂದೇ ಒಪ್ಪಂದ. ಎದುರಿಗೆ ಯಾರೋ ಇದ್ದಾರೆ, ಬಾಯಿ ಬಿಟ್ಟು ಹೇಳಲು ಆಗುತ್ತಿಲ್ಲ ಅನ್ನುವಾಗ ಫೋನ್ ಮಾಡಿ "ಅಪ್ಪ, ಗುರೆಳ್ಳು ಚಟ್ನಿ ಕಳಿಸು" ಅನ್ನು. ಹುಟ್ಟಿದಾಗಿನಿಂದ ನೀನು ಆ ಚಟ್ನಿಯನ್ನು ತಟ್ಟೆಯ ಅಂಚಿಗೆ ತಳ್ಳಿದವಳು. ನೀನಾಗಿ ಕೇಳಿದೆ ಅಂದರೆ ಏನೋ ಆಗಿದೆ ಅಂತಲೇ ಅರ್ಥ. ಎಷ್ಟು ಬೇಕು ಅಂತ ಕೇಳುತ್ತೇನೆ. ಅರ್ಧ ಕೆ.ಜಿ. ಅಂದರೆ ವಾರ್ಡನ್‌ಗೆ ಫೋನ್ ಮಾಡುತ್ತೇನೆ. ಒಂದು ಕೆ.ಜಿ. ಅಂದರೆ 112ಕ್ಕೆ ಮಾಡಿ, ಬೈಕ್ ಹತ್ತಿ ಹೊರಡುತ್ತೇನೆ.

ಕಡಕ್ ರೊಟ್ಟಿಗೆ ಶೇಂಗಾ ಹಿಂಡಿ ಇಟ್ಟಿದ್ದಾಳೆ ನಿಮ್ಮವ್ವ. ರೂಮ್‌ಮೇಟ್‌ಗೂ ಕೊಡು, ಪಾಪ ಆ ಹುಡುಗಿ ಮೆಸ್ಸಿನ ಊಟವನ್ನೇ ತಿನ್ನುತ್ತಾಳೆ ಅಂದಿದ್ದೆಯಲ್ಲ. ಬೀಗದ ಒಂದು ಕೀಲಿಯನ್ನು ಅವಳಿಗೆ ಕೊಡು, ಇನ್ನೊಂದು ನಿನ್ನ ಹತ್ತಿರ ಇರಲಿ. ಮುಂದಿನ ಸಲ ಬರುವಾಗ ಸ್ಟೀಲ್ ಡಬ್ಬಿಗಳನ್ನು ವಾಪಸ್ ತಾ, ಇಲ್ಲಿ ಹಿಟ್ಟು ತುಂಬಿಡಲು ಒಂದೂ ಉಳಿದಿಲ್ಲ.

ನಿನ್ನ,
ಅಪ್ಪ