ಹೊಯ್ ಆನ್ ಮತ್ತು ಮಿ ಸನ್ ವೀಕ್ಷಣೆ: ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ವಿಯೆಟ್ನಾಂ ಪ್ರವಾಸಕ್ಕೆ ಹೆಸರು ಕೊಟ್ಟಿರುವವರು ಶನಿವಾರ ಬೆಳಿಗ್ಗೆ 6 ಗಂಟೆಗೆ ಹೊಯ್ ಆನ್‌ನಲ್ಲಿ ನಾವು ತಂಗಿರುವ ಹೋಟೆಲಿನ ಮುಂದೆ ಸೇರಬೇಕಾಗಿ ವಿನಂತಿ. ಸುಮಾರು 40 ಕಿ.ಮೀ. ದೂರದ ಕಣಿವೆಯಲ್ಲಿರುವ ಮಿ ಸನ್ ಎಂಬ ಹಳೆಯ ಗುಡಿಗಳ ತಾಣಕ್ಕೆ ಮೊದಲು ಹೋಗುತ್ತೇವೆ. ಬಿಸಿಲೇರಿದ ಮೇಲೆ ಆ ಕಣಿವೆಯಲ್ಲಿ ನಡೆಯುವುದು ಹಿರಿಯರಿಗೆ ಕಷ್ಟವಾಗುತ್ತದೆ. ಹಿಂದೆ ಈ ಭಾಗವನ್ನು ಆಳಿದ ಚಾಮ್ ಜನಾಂಗದ ಅರಸರು ಭದ್ರೇಶ್ವರನೆಂಬ ಶಿವನಿಗಾಗಿ ಕಟ್ಟಿಸಿದ ಇಟ್ಟಿಗೆಯ ಗುಡಿಗಳು ಅಲ್ಲಿವೆ. ಗೋಡೆಯ ಹತ್ತಿರ ನಿಂತು ನೋಡಿದರೂ ಇಟ್ಟಿಗೆಗಳ ನಡುವೆ ಗಾರೆಯ ಗೆರೆ ಕಾಣುವುದೇ ಅಪರೂಪ. 1969ರ ಬಾಂಬ್ ದಾಳಿಯಲ್ಲಿ ಹಲವು ಗುಡಿಗಳು ನಾಶವಾದವು. ಉಳಿದವುಗಳಲ್ಲಿ ಕೆಲವನ್ನು ನಮ್ಮ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯೇ ಜೀರ್ಣೋದ್ಧಾರ ಮಾಡಿದ್ದು, 2020ರಲ್ಲಿ ಆ ಕೆಲಸದ ವೇಳೆ ಏಕಶಿಲೆಯ ಮರಳುಗಲ್ಲಿನ ಶಿವಲಿಂಗವೊಂದು ದೊರೆಯಿತು. ಅದರ ಮುಂದೆ ಸ್ವಲ್ಪ ಹೊತ್ತು ಮೌನವಾಗಿ ನಿಲ್ಲೋಣ ಎಂಬುದು ನನ್ನ ಆಸೆ.

ಸಂಜೆ ಹೊಯ್ ಆನ್ ಹಳೆಪೇಟೆ, ಜಪಾನಿ ಸೇತುವೆ.

ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು, ಟೋಪಿ, ನೀರಿನ ಬಾಟಲಿ ತನ್ನಿ. ಸಸ್ಯಾಹಾರಿಗಳು ‘ಚಾಯ್’ ಎಂಬ ಫಲಕವಿರುವ ಹೋಟೆಲುಗಳಲ್ಲೇ ಊಟ ಮಾಡಿ. ಅಲ್ಲಿ ಆ ಪದಕ್ಕೆ ಚಹಾ ಎಂದಲ್ಲ, ಸಸ್ಯಾಹಾರ ಎಂದರ್ಥ. ಬೇರೆಡೆ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೆರೆಸಿರಬಹುದು.

ಬರುವವರು, ಮಂಡಿನೋವು ಇರುವವರು ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿದರೆ ವಾಹನಕ್ಕೆ ಹೇಳಲು ಅನುಕೂಲವಾಗುತ್ತದೆ.